ಹೆರಿಗೆಯ ನಂತರ ಕೆಳಗಿನ ಹೊಲಿಗೆಯ ಆರೈಕೆ: ಮೊದಲ ದಿನದಿಂದ ಆರನೆಯ ವಾರದವರೆಗೆ

ಸಹಜ ಹೆರಿಗೆಯಾದವರ ಕೆಳಗಿನ ಹೊಲಿಗೆ ಕೆಟ್ಟಾಗ ಮನೆಯವರು ಮೊದಲು ದೂರುವುದು ಹೊಲಿಗೆ ಹಾಕಿದವರನ್ನು, ಆಮೇಲೆ ಬಾಣಂತಿಯನ್ನು. ಆದರೆ ಎಷ್ಟೋ ಮನೆಗಳಲ್ಲಿ ತಪ್ಪಿರುವುದು ಕ್ರಮ. ತಣ್ಣಗಿಡಬೇಕಾದ ದಿನ ಬಿಸಿ ಕೊಡುತ್ತಾರೆ. ಹೆಚ್ಚು ನೀರು ಕುಡಿಯಬೇಕಾದ ವಾರದಲ್ಲಿ ಲೋಟ ಎಣಿಸಿ ಕೊಡುತ್ತಾರೆ. ಒಣಗಿರಬೇಕಾದ ಜಾಗಕ್ಕೆ ಎಣ್ಣೆ ಸವರುತ್ತಾರೆ. ಕಣ್ಣಿಟ್ಟು ನೋಡಬೇಕಾದದ್ದನ್ನು ನಾಚಿಕೆಯಿಂದ ಯಾರೂ ನೋಡುವುದಿಲ್ಲ. ಈ ಬರಹವನ್ನು ಬಾಣಂತಿ ಓದಿದರೆ ಒಳ್ಳೆಯದು. ಅವಳ ತಾಯಿಯೋ ಅತ್ತೆಯೋ ಗಂಡನೋ ಓದಿದರೆ ಇನ್ನೂ ಒಳ್ಳೆಯದು.

ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಭಾಗವನ್ನು ವೈದ್ಯರು ಪೆರಿನಿಯಂ ಎನ್ನುತ್ತಾರೆ. ಮಗುವಿನ ತಲೆ ಹೊರಬರುವಾಗ ಅದು ತಾನಾಗಿ ಹರಿದಿರಬಹುದು, ಇಲ್ಲವೇ ವೈದ್ಯರೇ ಕತ್ತರಿಸಿ ದಾರಿ ಮಾಡಿರಬಹುದು. ಹೀಗೆ ಕತ್ತರಿಸುವುದೇ ಎಪಿಸಿಯಾಟಮಿ. ಎರಡಕ್ಕೂ ಮನೆಯ ಆರೈಕೆ ಹೆಚ್ಚುಕಡಿಮೆ ಒಂದೇ. ಗುದದ ಸ್ನಾಯುವಿನವರೆಗೆ ಹರಿದಿದ್ದರೆ ಮಾತ್ರ ಕೆಲವು ನಿಯಮ ಬೇರೆ. ಅದನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ.

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಹೆರಿಗೆಯ ನಂತರ ಬಳಸುವ ದೊಡ್ಡ ಪ್ಯಾಡ್‌ಗಳು ಅಥವಾ ಬಿಸಿಲಲ್ಲಿ ಒಣಗಿಸಿದ ಶುದ್ಧ ಹತ್ತಿ ಬಟ್ಟೆ, ಸಡಿಲವಾದ ಹತ್ತಿಯ ಒಳಉಡುಪು, ಈ ಕೆಲಸಕ್ಕೆಂದೇ ಮೀಸಲಾದ ಒಂದು ಮಗ್, ಮೆತ್ತನೆಯ ಎರಡು ಟವೆಲ್, ಕೈಗನ್ನಡಿ, ಥರ್ಮಾಮೀಟರ್, ಒಂದು ಹೊಸ ಅಗಲದ ಬೇಸಿನ್. ಮನೆಯಲ್ಲಿ ಇಂಡಿಯನ್ ಶೌಚಾಲಯ ಮಾತ್ರ ಇದ್ದರೆ, ನಡುವೆ ರಂಧ್ರವಿರುವ ಕಮೋಡ್ ಕುರ್ಚಿಯೊಂದನ್ನು ಹೆರಿಗೆಗೆ ಮೊದಲೇ ತಂದಿಡಿ. ವೈದ್ಯಕೀಯ ಉಪಕರಣ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ, ಕೆಲವು ಕಡೆ ಬಾಡಿಗೆಗೂ ಕೊಡುತ್ತಾರೆ. ಪಟ್ಟಿಯಲ್ಲಿ ಜನ ಬಿಟ್ಟುಬಿಡುವುದು ಇದನ್ನೇ. ನಾಲ್ಕನೆಯ ದಿನ ಅಂಗಡಿಗೆ ಓಡುವುದೂ ಇದಕ್ಕಾಗಿಯೇ.

## ಹಂತ 1: ಆಸ್ಪತ್ರೆಯಿಂದ ಹೊರಡುವ ಮೊದಲು ನಾಲ್ಕು ಪ್ರಶ್ನೆ

ಸಹಜ ಹೆರಿಗೆಯ ನಂತರವೂ 48 ಗಂಟೆ ಆಸ್ಪತ್ರೆಯಲ್ಲಿರಬೇಕು ಎಂಬುದು ನಿಯಮ. ಮಂಚ ಖಾಲಿ ಮಾಡಿಸುವ ಅವಸರದಲ್ಲಿ ಆಸ್ಪತ್ರೆಯವರು ಈ ನಾಲ್ಕನ್ನು ಹೇಳದೇ ಹೋಗಬಹುದು, ನೀವು ಕೇಳದೇ ಬರಬೇಡಿ.

ಒಂದು, ಹರಿದದ್ದು ಎಷ್ಟನೆಯ ದರ್ಜೆ? ಮೊದಲ ದರ್ಜೆಯೆಂದರೆ ಚರ್ಮ ಮಾತ್ರ. ಎರಡನೆಯದು ಸ್ನಾಯುವಿನವರೆಗೆ; ಎಪಿಸಿಯಾಟಮಿಯ ಆಳವೂ ಸುಮಾರಾಗಿ ಇಷ್ಟೇ. ಮೂರನೆಯದು ಗುದವನ್ನು ಬಿಗಿಹಿಡಿಯುವ ಸ್ನಾಯುವಿನವರೆಗೆ. ನಾಲ್ಕನೆಯದು ಅದನ್ನೂ ದಾಟಿ ಗುದದ ಒಳಪದರದವರೆಗೆ. ಎರಡು, ಯಾವ ದಾರ? ಈಗ ಬಳಸುವುದು ಸಾಮಾನ್ಯವಾಗಿ ತಾನಾಗಿ ಕರಗುವ ದಾರ. ಬೇಗ ಕರಗುವ ಬಗೆಯದು ಎರಡು ವಾರದಲ್ಲಿ ಬಲ ಕಳೆದುಕೊಂಡು ಸುಮಾರು ಆರು ವಾರದಲ್ಲಿ ಪೂರ್ತಿ ಮಾಯವಾಗುತ್ತದೆ. ಬೇರೆ ಬಗೆಗಳಿಗೆ ಇನ್ನೂ ಹೆಚ್ಚು ದಿನ ಬೇಕು. ಮೂರು, ಯಾವ ಮಾತ್ರೆ, ಎಷ್ಟು ದಿನ? ನಾಲ್ಕು, ಮತ್ತೆ ತೋರಿಸಲು ಯಾವಾಗ ಬರಬೇಕು, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

ಉತ್ತರಗಳನ್ನು ತಾಯಿ ಕಾರ್ಡ್‌ನಲ್ಲೋ ಡಿಸ್ಚಾರ್ಜ್ ಹಾಳೆಯಲ್ಲೋ ಬರೆಸಿಕೊಳ್ಳಿ. ಹೆರಿಗೆ ಬೆಂಗಳೂರಿನಲ್ಲಾಗಿ ಬಾಣಂತನ ಹಾವೇರಿಯ ತವರಿನಲ್ಲಾದರೆ, ಅಲ್ಲಿಯ ವೈದ್ಯರ ಮುಂದೆ ಇರುವುದು ಆ ಒಂದು ಹಾಳೆ ಮಾತ್ರ.

## ಹಂತ 2: ಮೊದಲ 24 ಗಂಟೆ, ತಂಪು ಮತ್ತು ಮೂತ್ರ

ಗಾಯದ ಸುತ್ತ ಊತ ಏರುವ ಹೊತ್ತು ಇದು. ಊತ ಏರಿದಷ್ಟೂ ಹೊಲಿಗೆ ಜಗ್ಗುತ್ತದೆ, ನೋವು ಹೆಚ್ಚುತ್ತದೆ. ಹಾಗಾಗಿ ಮೊದಲು ಬೇಕಾದದ್ದು ತಂಪು. ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತೆಳುವಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಹತ್ತರಿಂದ ಇಪ್ಪತ್ತು ನಿಮಿಷ ಇಡಿ. ನಡುವೆ ಕನಿಷ್ಠ ಒಂದು ಗಂಟೆ ಬಿಡಿ. ಮಂಜುಗಡ್ಡೆ ಚರ್ಮಕ್ಕೆ ನೇರವಾಗಿ ತಾಗಿದರೆ ಅದೇ ಒಂದು ಸುಟ್ಟ ಗಾಯವಾಗುತ್ತದೆ, ಬಟ್ಟೆ ತಪ್ಪಿಸಬೇಡಿ. ಎರಡನೆಯ, ಮೂರನೆಯ ದಿನವೂ ಊತವಿದ್ದರೆ ಮುಂದುವರಿಸಬಹುದು.

ಬಾಣಂತಿಗೆ ಥಂಡಿ ತಾಗಬಾರದು ಎನ್ನುವ ಹಿರಿಯರು ಇಲ್ಲಿ ಅಡ್ಡ ಬರುತ್ತಾರೆ. ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಕಾಲಿಗೆ ಸಾಕ್ಸ್ ಹಾಕಿಕೊಳ್ಳಿ, ಮೇಲೆ ಕಂಬಳಿ ಹೊದ್ದುಕೊಳ್ಳಿ. ತಂಪು ಬೇಕಿರುವುದು ಅಂಗೈಯಗಲದ ಜಾಗಕ್ಕೆ ಹತ್ತು ನಿಮಿಷ ಅಷ್ಟೇ ಎಂದು ಹೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಹೆರಿಗೆಯಾದ ಆರು ಗಂಟೆಯೊಳಗೆ ಮೂತ್ರ ಹೋಗಬೇಕು. ಉರಿಯುತ್ತದೆಂದು ಹೆದರಿ ತಡೆದರೆ ಮೂತ್ರಕೋಶ ಹಿಗ್ಗಿ, ಆಮೇಲೆ ಹೋಗಬೇಕೆಂದರೂ ಹೋಗುವುದಿಲ್ಲ. ಮೂತ್ರ ಮಾಡುವಾಗಲೇ ಮಗ್‌ನಿಂದ ಉಗುರುಬೆಚ್ಚಗಿನ ನೀರನ್ನು ಮುಂದಿನಿಂದ ನಿಧಾನವಾಗಿ ಸುರಿದುಕೊಳ್ಳುತ್ತಿದ್ದರೆ ಮೂತ್ರ ತೆಳುವಾಗಿ ಉರಿ ಬಹಳ ಕಡಿಮೆಯಾಗುತ್ತದೆ. ಸ್ವಲ್ಪ ಮುಂದಕ್ಕೆ ಬಾಗಿ ಕುಳಿತರೆ ಮೂತ್ರ ಹೊಲಿಗೆಯ ಮೇಲೆ ಹರಿಯುವುದೂ ತಪ್ಪುತ್ತದೆ.

ಈ ಹೊತ್ತಿನ ಅಪಾಯದ ಚಿಹ್ನೆ ಒಂದಿದೆ. ಮಾತ್ರೆ ಕೊಟ್ಟರೂ ನೋವು ಇಳಿಯದೆ ಏರುತ್ತಲೇ ಹೋಗುವುದು, ಒಂದು ಬದಿ ಗಟ್ಟಿಯಾಗಿ ಉಬ್ಬುವುದು, ಗುದದ ಕಡೆಗೆ ಭಾರವಾಗಿ ಒತ್ತಿದಂತೆ ಅನಿಸುವುದು. ಒಳಗೆ ರಕ್ತ ಶೇಖರವಾಗುತ್ತಿರುವಾಗ ಹೀಗಾಗುತ್ತದೆ. ಹೊರಗೆ ಒಂದು ಹನಿಯೂ ಕಾಣದಿರಬಹುದು. ವಾರ್ಡಿನಲ್ಲಿದ್ದರೆ ತಕ್ಷಣ ನರ್ಸನ್ನು ಕರೆಯಿರಿ, ‘ಹೊಲಿಗೆ ಅಂದಮೇಲೆ ನೋಯುತ್ತದೆ’ ಎಂಬ ಸಮಾಧಾನ ಕೇಳಿ ಸುಮ್ಮನಾಗಬೇಡಿ.

## ಹಂತ 3: ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ

ನೋವು ತಡೆಯಲಾಗದೆ ಹೋದಮೇಲೆ ಒಂದು ಮಾತ್ರೆ ನುಂಗುವುದು ದುಬಾರಿ ಪದ್ಧತಿ. ಮೊದಲ ಮೂರು ನಾಲ್ಕು ದಿನ ವೈದ್ಯರು ಬರೆದ ಮಾತ್ರೆಯನ್ನು ಗಡಿಯಾರ ನೋಡಿ ತೆಗೆದುಕೊಂಡರೆ ನಡೆಯುವುದು, ಹಾಲೂಡಿಸುವುದು, ಶೌಚ ಎಲ್ಲವೂ ಸಾಧ್ಯವಾಗುತ್ತದೆ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಎರಡನ್ನೂ ಹಾಲೂಡಿಸುವ ತಾಯಿ ತೆಗೆದುಕೊಳ್ಳಬಹುದು. ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ ಮೀರಬಾರದು. ತೂಕ 50 ಕಿಲೋಗಿಂತ ಕಡಿಮೆಯಿದ್ದರೆ ಇನ್ನೂ ಕಡಿಮೆ. ಐಬುಪ್ರೊಫೆನ್ ಊಟದ ನಂತರವೇ. ಆಸ್ತಮಾ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಇದ್ದವರು ಕೇಳದೆ ಅದನ್ನು ಮುಟ್ಟಬಾರದು. ಕೊಡೀನ್ ಇರುವ ಮಾತ್ರೆ ಬೇಡ. ಅದು ಹಾಲಿನ ಮೂಲಕ ಮಗುವಿಗೆ ಹೋಗುತ್ತದೆ, ಜೊತೆಗೆ ಮಲಬದ್ಧತೆ ತರುತ್ತದೆ. ಆ್ಯಂಟಿಬಯೊಟಿಕ್ ಬರೆದಿದ್ದರೆ ನೋವು ಹೋಯಿತೆಂದು ಅರ್ಧಕ್ಕೆ ಬಿಡಬೇಡಿ.

## ಹಂತ 4: ಪ್ರಯಾಣ, ಕೂರುವುದು, ಮಲಗುವುದು

ತವರಿಗೆ ಹೋಗುವ ದಾರಿ ದೂರವಿದ್ದರೆ ಹಿಂದಿನ ಸೀಟಿನಲ್ಲಿ ಒಂದು ಪಕ್ಕಕ್ಕೆ ಭಾರ ಹಾಕಿ, ಬೆನ್ನಿಗೆ ದಿಂಬು ಕೊಟ್ಟು, ಸೀಟ್ ಬೆಲ್ಟ್ ಬಿಡದೆ ಕುಳಿತುಕೊಳ್ಳಿ. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಹೆರಿಗೆಯ ನಂತರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಿರುತ್ತದೆ, ಆದ್ದರಿಂದ ಇದು ಬರೀ ಆರಾಮದ ಮಾತಲ್ಲ.

ಮನೆಯಲ್ಲಿ ಪಕ್ಕಕ್ಕೆ ಹೊರಳಿ ಮಲಗುವುದೇ ಹೊಲಿಗೆಗೆ ಅತ್ಯಂತ ಹಿತ. ಏಳುವಾಗಲೂ ಮೊದಲು ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ. ಮಗುವಿಗೆ ಮಲಗಿಕೊಂಡೇ ಹಾಲೂಡಿಸಬಹುದು, ಆದರೆ ನಿದ್ದೆ ಬರುವಂತಿದ್ದರೆ ಪಕ್ಕದಲ್ಲಿ ಎಚ್ಚರವಿರುವ ಒಬ್ಬರು ಇರಲಿ. ಕೂರಲೇಬೇಕಾದಾಗ ಮೆತ್ತನೆಯ, ಆದರೆ ಪೂರ್ತಿ ಕುಸಿಯದ ದಿಂಬಿನ ಮೇಲೆ ಕುಳಿತುಕೊಳ್ಳಿ. ನಡುವೆ ತೂತಿರುವ ಟ್ಯೂಬ್ ದಿಂಬಿನ ಮೇಲೆ ಹೊತ್ತುಗಟ್ಟಲೆ ಕೂತರೆ ಸುತ್ತಲಿನ ಒತ್ತಡದಿಂದ ಊತ ಆ ತೂತಿನತ್ತಲೇ ಇಳಿಯುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕಾಲಗಲಿಸಿ ಕೂತು ಮಗುವಿಗೆ ನೀರೆರೆಯುವುದು ಎರಡು ವಾರ ಬೇರೆಯವರಿಗೆ ಬಿಡಿ. ಮಗುವಿಗಿಂತ ಭಾರವಾದದ್ದನ್ನು, ತುಂಬಿದ ಕೊಡವನ್ನಂತೂ, ಎತ್ತಬೇಡಿ.

ಹೊಟ್ಟೆ ಕಟ್ಟುವ ರೂಢಿ ಇರುವ ಮನೆಗಳಲ್ಲಿ ಸೀರೆಯನ್ನು ಉಸಿರುಗಟ್ಟುವಂತೆ ಬಿಗಿಯುತ್ತಾರೆ. ಮೇಲಿನಿಂದ ಬಿಗಿದ ಒತ್ತಡ ಹೋಗುವುದು ಕೆಳಕ್ಕೆ, ಹೊಲಿಗೆಯಿರುವ ಕಡೆಗೆ. ಕಟ್ಟಲೇಬೇಕೆಂದಿದ್ದರೆ ನಾಲ್ಕು ಬೆರಳು ಸುಲಭವಾಗಿ ತೂರುವಷ್ಟು ಸಡಿಲವಿರಲಿ, ಮಲಗುವಾಗ ಬಿಚ್ಚಿ.

## ಹಂತ 5: ತೊಳೆಯುವುದು, ಒಣಗಿಸುವುದು, ಪ್ಯಾಡ್

ಕ್ರಮ ಹೀಗೆ. ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಪ್ಯಾಡನ್ನು ಮುಂದಿನಿಂದ ಹಿಂದಕ್ಕೆ ತೆಗೆಯಿರಿ. ಉಗುರುಬೆಚ್ಚಗಿನ ಬರಿಯ ನೀರನ್ನು ಮುಂದಿನಿಂದ ಹಿಂದಕ್ಕೆ ಸುರಿಯಿರಿ, ಬೆರಳಿನಿಂದ ಉಜ್ಜಬೇಡಿ. ಹೆಲ್ತ್ ಫಾಸೆಟ್ ಬಳಸುವುದಾದರೆ ಮೊದಲು ಅಂಗೈಗೆ ಹಿಡಿದು ರಭಸ ನೋಡಿ, ಚುಚ್ಚುವಂತಿದ್ದರೆ ಮಗ್ ಸಾಕು. ಟವೆಲ್‌ನಿಂದ ಒತ್ತಿ ಒರೆಸಿ, ಎಳೆದು ಒರೆಸಬೇಡಿ. ಹೊಸ ಪ್ಯಾಡ್ ಹಾಕಿ, ಮತ್ತೆ ಕೈ ತೊಳೆಯಿರಿ. ಪ್ರತಿ ಬಾರಿ ಶೌಚಾಲಯಕ್ಕೆ ಹೋದಾಗಲೂ ಇಷ್ಟು ಮಾಡಬೇಕು. ಒದ್ದೆಯಾಗಿರಲಿ ಬಿಡಲಿ, ಪ್ಯಾಡನ್ನು ನಾಲ್ಕು ಗಂಟೆಗೊಮ್ಮೆ ಬದಲಿಸಿ.

ದಿನಕ್ಕೆ ಎರಡು ಸಲ ಬಾಗಿಲು ಹಾಕಿಕೊಂಡು, ಹಾಸಿಗೆಯ ಮೇಲೆ ಹಳೆಯ ಟವೆಲ್ ಹಾಸಿ, ಮೊಣಕಾಲು ಮಡಚಿ ಹತ್ತು ನಿಮಿಷ ಪ್ಯಾಡ್ ಇಲ್ಲದೆ ಮಲಗಿ. ಗಾಳಿಗಿಂತ ಒಳ್ಳೆಯ ಮುಲಾಮು ಈ ಗಾಯಕ್ಕಿಲ್ಲ. ಹೇರ್ ಡ್ರೈಯರ್ ಬೇಡ, ಪೌಡರ್ ಬೇಡ.

ಹಚ್ಚಬಾರದ ಪಟ್ಟಿ ಉದ್ದವಿದೆ: ಅರಿಸಿನ, ಬೇವಿನ ರಸ, ತೆಂಗಿನೆಣ್ಣೆ, ಹರಳೆಣ್ಣೆ, ತುಪ್ಪ, ಬೂದಿ, ಡೆಟಾಲ್. ಇವುಗಳಲ್ಲಿ ಕೆಲವು ಬೇರೆ ಕಡೆ ಉಪಯೋಗಕ್ಕೆ ಬರಬಹುದು. ಇಲ್ಲಿ ಅವು ಹೊಲಿಗೆಯ ಸಂದಿಯಲ್ಲಿ ಕೂತು ತೇವ ಹಿಡಿದಿಡುತ್ತವೆ ಅಥವಾ ಚರ್ಮವನ್ನು ಸುಡುತ್ತವೆ. ಪೊವಿಡೋನ್ ಅಯೋಡಿನ್ ಮುಲಾಮನ್ನು ವೈದ್ಯರು ಬರೆದಿದ್ದರೆ ಅವರು ಹೇಳಿದಷ್ಟು ದಿನ ಮಾತ್ರ ಹಚ್ಚಿ. ಅದರ ಅಯೋಡಿನ್ ಮೈಗೆ ಇಳಿದು ಎದೆಹಾಲಿಗೂ ಸೇರುತ್ತದೆ, ವಾರಗಟ್ಟಲೆ ಬಳಸುವಂಥದ್ದಲ್ಲ.

ಬಟ್ಟೆ ಬಳಸುವವರಿಗೆ ಒಂದು ಮಾತು. ಸೋಪಿನಲ್ಲಿ ಒಗೆದ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಲ ಮೂಲೆಯಲ್ಲೋ ಬೇರೆ ಬಟ್ಟೆಯ ಕೆಳಗೋ ಒಣಹಾಕುವುದು ಸೋಂಕಿಗೆ ಆಹ್ವಾನ. ಅದು ನೇರ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಬೇಕು. ಮಳೆಗಾಲವಾಗಿದ್ದರೆ ಇಸ್ತ್ರಿ ಹಾಕಿ, ಇಲ್ಲವೇ ಆ ಆರು ವಾರಕ್ಕೆ ಪ್ಯಾಡನ್ನೇ ಕೊಳ್ಳಿ.

## ಹಂತ 6: ಮೊದಲ ಮಲವಿಸರ್ಜನೆ

ಬಾಣಂತಿಯರು ಹೆರಿಗೆಗಿಂತ ಹೆಚ್ಚು ಹೆದರುವುದು ಇದಕ್ಕೆ. ಹೆದರಿಕೆಯಿಂದ ತಡೆಯುತ್ತಾರೆ, ತಡೆದಷ್ಟೂ ಮಲ ಗಟ್ಟಿಯಾಗುತ್ತದೆ, ಐದನೆಯ ದಿನ ಮುಕ್ಕಿರಿದಾಗ ಹೊಲಿಗೆಯ ಮೇಲೆ ಇದ್ದಬದ್ದ ಭಾರವೆಲ್ಲ ಬೀಳುತ್ತದೆ. ಸರಿಯಾಗಿ ಹಾಕಿದ ಹೊಲಿಗೆ ಸಾಧಾರಣ ಮಲವಿಸರ್ಜನೆಯಿಂದ ಬಿಚ್ಚಿಕೊಳ್ಳುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಎರಡು ಮೂರು ದಿನ ಮಲ ಬಾರದಿರುವುದು ಸಹಜ. ನಾಲ್ಕನೆಯ ದಿನವೂ ಬಾರದಿದ್ದರೆ ವೈದ್ಯರಿಗೆ ತಿಳಿಸಿ.

ತಯಾರಿ ಶುರುವಾಗಬೇಕಾದದ್ದು ಶೌಚಾಲಯದಲ್ಲಲ್ಲ, ಅಡುಗೆಮನೆಯಲ್ಲಿ. ಮೆಣಸು ಜೀರಿಗೆಯ ಸಾರು, ಬೆಳ್ಳುಳ್ಳಿ, ತುಪ್ಪ, ಅಂಟಿನುಂಡೆ ಇರಲಿ, ತಕರಾರಿಲ್ಲ. ತಕರಾರಿರುವುದು ತಟ್ಟೆಯಲ್ಲಿ ಇಲ್ಲದಿರುವುದರ ಬಗ್ಗೆ. ತರಕಾರಿ ವಾಯು, ಹಣ್ಣು ಶೀತ, ಬೇಳೆ ಮಂದ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಒಂದೊಂದನ್ನೇ ತೆಗೆದರೆ ಉಳಿಯುವುದು ಬಿಳಿ ಅನ್ನ ಮತ್ತು ತುಪ್ಪ; ಅಲ್ಲಿಗೆ ಮಲಬದ್ಧತೆ ಖಚಿತ. ಸಬ್ಬಸಿಗೆ, ನುಗ್ಗೆ, ಮೆಂತ್ಯದ ಸೊಪ್ಪು, ರಾಗಿ, ಹೆಸರುಬೇಳೆ, ಬೇಯಿಸಿದ ತರಕಾರಿ, ಪಪ್ಪಾಯಿ, ಬಾಳೆಹಣ್ಣು, ರಾತ್ರಿ ನೆನೆಸಿದ ಒಣದ್ರಾಕ್ಷಿ ದಿನವೂ ಬೇಕು. ಗಾಯ ಮಾಯಲು ಮೊಟ್ಟೆ, ಬೇಳೆಕಾಳು, ಹಾಲು, ತಿನ್ನುವವರಿಗೆ ಮೀನು, ಮಾಂಸ ಬೇಕು.

ನೀರಿನ ವಿಷಯದಲ್ಲಿ ರಾಜಿ ಬೇಡ. ಹಾಲೂಡಿಸುವ ತಾಯಿಗೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ದ್ರವ ಬೇಕು. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುವುದು ಒಂದೇ ಅಲ್ಲ, ಮೂತ್ರದ ಸೋಂಕು ತಗಲುತ್ತದೆ. ಬಾಣಂತಿಯರಲ್ಲಿ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಗಂಭೀರ ಕಾಯಿಲೆಗೂ ಮೈಯ ನೀರು ಬತ್ತುವುದು ಒಂದು ಕಾರಣ. ಕಾಯಿಸಿ ಆರಿಸಿದ ನೀರನ್ನೇ ಕುಡಿಯಲಿ, ಜೀರಿಗೆ ಹಾಕಿ ಕುದಿಸಲಿ, ಬೆಚ್ಚಗಿರಲಿ. ಅಳತೆ ಮಾತ್ರ ಇಳಿಯಬಾರದು.

ಕಬ್ಬಿಣದ ಮಾತ್ರೆಯಿಂದಲೂ ಮಲ ಗಟ್ಟಿಯಾಗುತ್ತದೆ, ಕಪ್ಪಗಾಗುತ್ತದೆ. ಹಾಗೆಂದು ನಿಲ್ಲಿಸುವಂತಿಲ್ಲ, ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕು. ರಕ್ತಹೀನತೆಯಿದ್ದರೆ ಗಾಯ ಮಾಯುವುದೇ ನಿಧಾನ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ಮಲ ಮೃದುವಾಗಿಸಲು ಲ್ಯಾಕ್ಟುಲೋಸ್ ಸಿರಪ್ಪನ್ನು ವೈದ್ಯರು ಬರೆದ ಅಳತೆಯಲ್ಲಿ ತೆಗೆದುಕೊಳ್ಳಬಹುದು. ಇಸಬ್‌ಗೋಲ್ ಆದರೆ ಒಂದು ದೊಡ್ಡ ಲೋಟ ತುಂಬ ನೀರಿನೊಂದಿಗೆ. ನೀರು ಸಾಲದಿದ್ದರೆ ಅದೇ ಗಟ್ಟಿಯಾಗುತ್ತದೆ. ಹರಳೆಣ್ಣೆ ಕುಡಿಸಿ ಭೇದಿ ಮಾಡಿಸಬೇಡಿ, ನೀರುನೀರಾದ ಮಲ ಹೊಲಿಗೆಯನ್ನೆಲ್ಲ ತೋಯಿಸುತ್ತದೆ. ಮೂರನೆಯ, ನಾಲ್ಕನೆಯ ದರ್ಜೆಯ ಗಾಯದವರು ವೈದ್ಯರು ಕೊಟ್ಟ ಔಷಧ ಬಿಟ್ಟು ಇಸಬ್‌ಗೋಲ್ ಸೇರಿಸಬಾರದು. ಎನಿಮಾ ಮತ್ತು ಗುದದೊಳಗೆ ಇಡುವ ಮಾತ್ರೆ ಅವರಿಗೆ ನಿಷಿದ್ಧ.

ಇನ್ನು ಶೌಚದ ಹೊತ್ತು. ಬೆಳಗ್ಗೆ ಬಿಸಿಯಾದದ್ದೇನಾದರೂ ಕುಡಿದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಕರೆ ಬಂದಾಗಲೇ ಹೋಗಿ. ಕಮೋಡ್ ಮೇಲೆ ಕುಳಿತು ಕಾಲಡಿಗೆ ಸಣ್ಣ ಸ್ಟೂಲ್ ಇಟ್ಟುಕೊಳ್ಳಿ, ಮೊಣಕಾಲು ಸೊಂಟಕ್ಕಿಂತ ಮೇಲಿರಲಿ, ಮುಂದಕ್ಕೆ ಬಾಗಿ. ಶುದ್ಧವಾದ ಹೊಸ ಪ್ಯಾಡನ್ನು ಮಡಚಿ ಹೊಲಿಗೆಯ ಮೇಲೆ ಅಂಗೈಯಿಂದ ಮೆಲ್ಲಗೆ ಒತ್ತಿಹಿಡಿಯಿರಿ. ಒಳಗಿನಿಂದ ಬರುವ ಒತ್ತಡಕ್ಕೆ ಹೊರಗಿನಿಂದ ಆಸರೆ ಸಿಗುತ್ತದೆ. ಉಸಿರು ಬಿಗಿಹಿಡಿದು ಮುಕ್ಕಿರಿಯಬೇಡಿ, ಬಾಯಿಂದ ನಿಧಾನವಾಗಿ ಉಸಿರು ಬಿಡುತ್ತಿರಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬನ್ನಿ. ಇಂಡಿಯನ್ ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂರುವುದು ಬೇರೆ ದಿನಗಳಲ್ಲಿ ಒಳ್ಳೆಯದೇ, ಆದರೆ ಈ ದಿನಗಳಲ್ಲಿ ಕೂತು ಏಳುವಾಗ ಹೊಲಿಗೆ ಜಗ್ಗುತ್ತದೆ. ಕಮೋಡ್ ಕುರ್ಚಿಯನ್ನು ಅದರ ಮೇಲೆಯೇ ಇಟ್ಟು ಕೂರಬಹುದು, ಕುರ್ಚಿ ಅಲುಗದಂತಿರಲಿ.

## ಹಂತ 7: ಬಿಸಿನೀರು, ಎರೆಯುವುದು, ಸಾಂಬ್ರಾಣಿ

ಬೆಚ್ಚನೆಯ ನೀರು ಒಳ್ಳೆಯದೇ. ಮೊದಲ 24 ಗಂಟೆ ಕಳೆದ ಮೇಲೆ ಅದು ರಕ್ತಸಂಚಾರ ಹೆಚ್ಚಿಸಿ ನೋವು ಇಳಿಸುತ್ತದೆ. ಅಗಲದ ಬೇಸಿನ್‌ನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಸೊಂಟದ ಕೆಳಭಾಗ ಮುಳುಗುವಂತೆ ಹತ್ತು ನಿಮಿಷ ದಿನಕ್ಕೆ ಎರಡು ಸಲ ಕೂರಬಹುದು. ಕಮೋಡ್ ಮೇಲೆ ಕೂರಿಸುವ ಬೇಸಿನ್ ಸಿಕ್ಕರೆ ನೆಲಕ್ಕೆ ಬಗ್ಗುವ ಕಷ್ಟವೂ ತಪ್ಪುತ್ತದೆ. ಬಟ್ಟೆ ಒಗೆಯುವ ಟಬ್ಬನ್ನೋ ಮಗುವಿನ ಟಬ್ಬನ್ನೋ ಬಳಸಬೇಡಿ, ಪ್ರತಿ ಸಲ ಸೋಪಿನಿಂದ ಉಜ್ಜಿ ತೊಳೆಯಿರಿ. ನೀರಿಗೆ ಏನೂ ಹಾಕಬೇಕಿಲ್ಲ. ಹೆಚ್ಚು ಹೊತ್ತು ನೆನೆದರೆ ಚರ್ಮ ಮೆತ್ತಗಾಗಿ ಗಾಯ ಬಾಯಿಬಿಡುತ್ತದೆ, ಹತ್ತು ನಿಮಿಷ ಎಂದರೆ ಹತ್ತೇ.

ಹಂಡೆ ನೀರಿನ ಸ್ನಾನ ಬೇರೆಯೇ ಪ್ರಕರಣ. ಹೊಗೆಯಾಡುವ ನೀರನ್ನು ಚೊಂಬಿನಲ್ಲಿ ಮೊಗೆದು ಸೊಂಟಕ್ಕೂ ಕೆಳಭಾಗಕ್ಕೂ ಬೀಸಿ ಎರಚುವುದು ಹಲವು ಕಡೆ ಇಂದಿಗೂ ಇದೆ. ಹೆರಿಗೆಯ ನೋವು ತಿಂದ ಜಾಗದಲ್ಲಿ ಸ್ಪರ್ಶ ಮಂದವಾಗಿರುತ್ತದೆ, ಸುಟ್ಟದ್ದು ಗೊತ್ತಾಗುವುದು ಗುಳ್ಳೆ ಎದ್ದಮೇಲೆ. ಅಷ್ಟು ಬಿಸಿಗೆ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಕುಸಿಯುತ್ತದೆ. ರಕ್ತ ಕಳೆದುಕೊಂಡ ಬಾಣಂತಿ ಅಲ್ಲೇ ತಲೆತಿರುಗಿ ಬೀಳುತ್ತಾಳೆ.

ಸ್ನಾನ ಬಿಡಬೇಕಿಲ್ಲ, ಹೀಗೆ ಮಾಡಿಸಿ: ಮೊದಲು ಏನಾದರೂ ತಿಂದಿರಲಿ. ತಲೆಗೆ, ಬೆನ್ನಿಗೆ, ಕಾಲಿಗೆ ಎಣ್ಣೆ ತಿಕ್ಕಲಿ, ತೊಡೆಸಂದಿಯಿಂದ ದೂರವಿರಲಿ. ತಗ್ಗಿನ ಮಣೆ ಬೇಡ, ಎತ್ತರದ ಪ್ಲಾಸ್ಟಿಕ್ ಸ್ಟೂಲ್ ಇರಲಿ. ನೀರಿನ ಬಿಸಿಯನ್ನು ಎರೆಯುವವರ ಒರಟು ಅಂಗೈಯಿಂದಲ್ಲ, ಬಾಣಂತಿಯ ಮಣಿಕಟ್ಟಿನ ಒಳಭಾಗದಿಂದ ನೋಡಿ. ಬೆನ್ನಿಗೆ ಎಷ್ಟಾದರೂ ಸುರಿಯಲಿ, ಹೊಲಿಗೆಗೆ ಎರಚುವುದು ಬೇಡ. ಬಾಗಿಲಿನ ಚಿಲಕ ಹಾಕಬೇಡಿ. ಕಾಲು ಗಂಟೆಯಲ್ಲಿ ಮುಗಿಸಿ, ಎಬ್ಬಿಸುವಾಗ ಒಬ್ಬರು ಕೈ ಹಿಡಿದಿರಲಿ.

ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಬಾಣಂತಿಯ ಕಾಲ ನಡುವೆ ಹೊಗೆ ಕೊಡುವುದನ್ನು ಪೂರ್ತಿ ಬಿಡಿ. ಸುಡುವ ಅಪಾಯ ಒಂದು ಕಡೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದೇ ಕೋಣೆಯಲ್ಲಿ ಹಸುಗೂಸು ಇರುತ್ತದೆ.

## ಹಂತ 8: ಕನ್ನಡಿ ಹಿಡಿದು ನೋಡುವುದು

ಎರಡನೆಯ ಅಥವಾ ಮೂರನೆಯ ದಿನ, ಒಮ್ಮೆ. ಆಮೇಲೆ ಎರಡು ದಿನಕ್ಕೊಮ್ಮೆ. ಮಲಗಿ ಮೊಣಕಾಲು ಮಡಚಿ, ಕಾಲ ನಡುವೆ ಕನ್ನಡಿ ಹಿಡಿದು, ಮೊಬೈಲ್ ಟಾರ್ಚ್ ಹಾಕಿ ನೋಡಿ. ಮೊದಲು ಹೇಗಿತ್ತೆಂದು ಗೊತ್ತಿಲ್ಲದವರಿಗೆ ಎಂಟನೆಯ ದಿನ ಕೆಟ್ಟಿದೆಯೋ ಇಲ್ಲವೋ ಹೇಳಲಾಗದು.

ಮೊದಲ ನೋಟಕ್ಕೆ ಎದೆ ಧಸಕ್ಕೆನ್ನಬಹುದು. ಊತ, ನೀಲಿಗಟ್ಟಿದ ಚರ್ಮ, ಗಂಟುಗಂಟಾದ ದಾರ, ಅಂಚಿನಲ್ಲಿ ತೆಳು ಕೆಂಪು, ಇವೆಲ್ಲ ಸಹಜ. ಮೊದಲ ವಾರದ ಕೊನೆಗೆ ಊತ ಇಳಿದು ಎರಡು ಅಂಚುಗಳು ಕೂಡಿಕೊಂಡ ಗೆರೆ ಕಾಣಬೇಕು. ಎರಡನೆಯ ವಾರದಲ್ಲಿ ತುರಿಕೆ ಶುರುವಾಗುತ್ತದೆ, ಗಾಯ ಮಾಯುತ್ತಿರುವಾಗ ಹೀಗಾಗುವುದುಂಟು. ಪ್ಯಾಡಿನ ಮೇಲೆ ದಾರದ ತುಣುಕು ಬಿದ್ದರೆ ಗಾಬರಿ ಬೇಡ. ಹೊರಗೆ ಇಣುಕುವ ದಾರವನ್ನು ಎಳೆಯುವುದು, ಕತ್ತರಿಸುವುದು ಮಾತ್ರ ಬೇಡ.

ರಕ್ತಸ್ರಾವ ಮೊದಲ ಮೂರು ನಾಲ್ಕು ದಿನ ಕೆಂಪು, ಆಮೇಲೆ ಹತ್ತು ದಿನದವರೆಗೆ ಕಂದು ಗುಲಾಬಿ, ಬಳಿಕ ಹಳದಿ ಮಿಶ್ರಿತ ಬಿಳಿ. ನಾಲ್ಕರಿಂದ ಆರು ವಾರದಲ್ಲಿ ನಿಲ್ಲುತ್ತದೆ. ಅದರ ವಾಸನೆ ಮುಟ್ಟಿನ ರಕ್ತದಂತಿರಬೇಕು, ಕೊಳೆತಂತೆ ಅಲ್ಲ.

## ಹಂತ 9: ಒಳಗಿನ ಸ್ನಾಯುವಿಗೆ ವ್ಯಾಯಾಮ

ನೋವು ಹತೋಟಿಗೆ ಬಂದ ಮೇಲೆ, ಮೂತ್ರದ ಕೊಳವೆ ಹಾಕಿದ್ದರೆ ಅದನ್ನು ತೆಗೆದ ಮೇಲೆ ಶುರು ಮಾಡಿ. ಗ್ಯಾಸ್ ಹೊರಹೋಗದಂತೆ ತಡೆಯುವಾಗ ಒಳಗೆ ಏನನ್ನು ಬಿಗಿಹಿಡಿಯುತ್ತೀರೋ ಅದನ್ನೇ ಬಿಗಿಹಿಡಿದು, ಉಸಿರಾಡುತ್ತಲೇ ಮೂರು ಎಣಿಸಿ, ಸಡಿಲ ಬಿಡಿ. ದಿನ ಕಳೆದಂತೆ ಹತ್ತು ಎಣಿಸುವವರೆಗೆ ಏರಿಸಿ. ಒಮ್ಮೆಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹಾಲೂಡಿಸುವ ಹೊತ್ತಿಗೆ ಜೋಡಿಸಿಕೊಂಡರೆ ಮರೆಯುವುದಿಲ್ಲ. ತೊಡೆ, ಪೃಷ್ಠ ಬಿಗಿಯುತ್ತಿದ್ದರೆ ತಪ್ಪು ಸ್ನಾಯು ಕೆಲಸ ಮಾಡುತ್ತಿದೆ. ಮೂತ್ರವನ್ನು ನಡುವೆ ತಡೆದು ಅಭ್ಯಾಸ ಮಾಡಬೇಡಿ.

## ಹಂತ 10: ಯಾವಾಗ ಕಾಯಬಾರದು

ಈ ಕೆಳಗಿನವು ಕಂಡರೆ ಗಂಟೆಗಳ ಮಾತು, 108ಕ್ಕೆ ಕರೆ ಮಾಡಿ: ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವುದು, ನಿಂಬೆಹಣ್ಣಿಗಿಂತ ದೊಡ್ಡ ರಕ್ತದ ಗಡ್ಡೆ ಬೀಳುವುದು, ಚಳಿ ನಡುಕದೊಂದಿಗೆ ಜ್ವರ, ಎದೆಬಡಿತ ಏರಿ ಉಸಿರು ಮೇಲಕ್ಕೆಳೆಯುವುದು, ಮಾತು ತಡವರಿಸುವುದು, ಪ್ರಜ್ಞೆ ಮಸುಕಾಗುವುದು, ತಡೆಯಲಾರದ ತಲೆನೋವು, ಫಿಟ್ಸ್. ಹೆರಿಗೆಯ ನಂತರದ ಸೋಂಕು ರಕ್ತಕ್ಕೆ ಇಳಿದರೆ ಒಂದೇ ದಿನದಲ್ಲಿ ಪ್ರಾಣಕ್ಕೆ ಬರುತ್ತದೆ.

ಅದೇ ದಿನ ವೈದ್ಯರಿಗೆ ತೋರಿಸಬೇಕಾದವು: 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಕೀವು, ಕೆಟ್ಟ ವಾಸನೆ, ಹರಡುತ್ತಿರುವ ಕೆಂಪು, ಹೊಲಿಗೆ ಬಿಚ್ಚಿ ಬಾಯಿತೆರೆದ ಗಾಯ, ಮೂತ್ರ ಕಟ್ಟುವುದು, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಯೋನಿಯ ಮೂಲಕ ಗ್ಯಾಸ್ ಅಥವಾ ಮಲ ಬರುವುದು. ಎಲ್ಲಕ್ಕಿಂತ ನಂಬಬಹುದಾದ ಸುಳಿವು ನೋವಿನ ದಿಕ್ಕು. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಮೂರು ದಿನ ಇಳಿದು ನಾಲ್ಕನೆಯ ದಿನ ಮತ್ತೆ ಏರಿದರೆ, ಜ್ವರ ಇಲ್ಲದಿದ್ದರೂ ಹೋಗಿ ತೋರಿಸಿ.

ಹೊಲಿಗೆ ಬಿಚ್ಚಿಕೊಳ್ಳುವುದು ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲಿ, ಹೆಚ್ಚಾಗಿ ಸೋಂಕಿನಿಂದ. ಸಣ್ಣದಾಗಿದ್ದರೆ ಶುದ್ಧವಾಗಿಟ್ಟು ಒಳಗಿನಿಂದ ತಾನಾಗಿ ತುಂಬಿಬರಲು ಬಿಡುತ್ತಾರೆ, ಕೆಲವು ವಾರ ಹಿಡಿಯುತ್ತದೆ. ದೊಡ್ಡದಾದರೆ ಸೋಂಕು ವಾಸಿಯಾದ ಮೇಲೆ ಮತ್ತೆ ಹೊಲಿಯಬಹುದು. ಮನೆಯಲ್ಲಿ ಹತ್ತಿ ತುರುಕುವುದು, ಪುಡಿ ಉದುರಿಸುವುದು ಮಾಡಬೇಡಿ. ಮಧುಮೇಹ ಇರುವವರು, ಗರ್ಭಿಣಿಯಾಗಿದ್ದಾಗ ಸಕ್ಕರೆ ಬಂದವರು ಇನ್ನಷ್ಟು ಎಚ್ಚರವಾಗಿರಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕು. ಎಲ್ಲರೂ ಮಗುವಿನ ತೂಕದ ಸುತ್ತಲೇ ನೆರೆಯುತ್ತಾರೆ; ಆ ಗದ್ದಲದಲ್ಲಿ ಹೊಲಿಗೆಯ ಮಾತು ಬಿಟ್ಟುಹೋಗುತ್ತದೆ. ಅವರನ್ನು ಕೋಣೆಗೆ ಕರೆದು ನೀವೇ ಹೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆಯ ನಂತರದ ತೊಂದರೆಗೂ ಚಿಕಿತ್ಸೆ ಉಚಿತ. ಖರ್ಚಿಗೆ ಹೆದರಿ ತಡಮಾಡಬೇಡಿ.

## ಹಂತ 11: ಆರನೆಯ ವಾರದ ತಪಾಸಣೆ ಮತ್ತು ಆಮೇಲೆ

ಎರಡನೆಯ ದರ್ಜೆಯವರೆಗಿನ ಗಾಯದ ನೋವು ಬಹಳ ಮಂದಿಗೆ ಎರಡು ಮೂರು ವಾರದಲ್ಲಿ ಹೋಗುತ್ತದೆ. ಆದರೂ ಆರನೆಯ ವಾರದ ತಪಾಸಣೆಗೆ ಹೋಗಿ, ಮಗುವಿನ ಲಸಿಕೆಗೆ ಹೋದ ದಿನವೇ ನಿಮ್ಮ ಗಾಯವನ್ನೂ ತೋರಿಸಿ. ಹೇಳಲು ನಾಚುವ ಮೂರು ವಿಷಯ ಅಲ್ಲಿ ಹೇಳಲೇಬೇಕು: ಕೆಮ್ಮಿದಾಗ ಮೂತ್ರ ಸೋರುತ್ತದೆಯೇ, ಗ್ಯಾಸ್ ಅಥವಾ ಮಲ ತಡೆಯಲಾಗುತ್ತಿಲ್ಲವೇ, ಗಾಯದ ಗೆರೆ ಮುಟ್ಟಿದರೆ ಈಗಲೂ ನೋಯುತ್ತದೆಯೇ. ಗಾಯದ ಮೇಲೆ ಮುಟ್ಟಿದರೆ ರಕ್ತ ಒಸರುವ ಸಣ್ಣ ಕೆಂಪು ಮಾಂಸ ಬೆಳೆದಿದ್ದರೆ ವೈದ್ಯರು ಅದನ್ನು ಸುಲಭವಾಗಿ ಸರಿಪಡಿಸುತ್ತಾರೆ.

ದಾಂಪತ್ಯ ಸಂಬಂಧಕ್ಕೆ ಇಂಥದ್ದೇ ದಿನ ಎಂಬುದಿಲ್ಲ. ರಕ್ತಸ್ರಾವ ನಿಂತಿರಬೇಕು, ಗಾಯ ಮಾಯ್ದಿರಬೇಕು, ಹೆಂಗಸಿಗೆ ಮನಸ್ಸಿರಬೇಕು. ಹಾಲೂಡಿಸುವಾಗ ಯೋನಿ ಒಣಗಿರುವುದು ಸಹಜ, ನೀರಿನ ಆಧಾರದ ಲೂಬ್ರಿಕೆಂಟ್ ಬಳಸಿ. ನೋವಾದರೆ ನಿಲ್ಲಿಸಿ, ಮೂರು ತಿಂಗಳು ಕಳೆದರೂ ನೋವಿದ್ದರೆ ಮತ್ತೆ ವೈದ್ಯರನ್ನು ಕಾಣಿ, ಅದಕ್ಕೆ ಚಿಕಿತ್ಸೆಯಿದೆ. ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದು, ಹಾಗಾಗಿ ಗರ್ಭನಿರೋಧಕದ ಮಾತನ್ನು ಇದೇ ಭೇಟಿಯಲ್ಲಿ ಮುಗಿಸಿ.

ಮೂರನೆಯ, ನಾಲ್ಕನೆಯ ದರ್ಜೆಯ ಗಾಯವಾಗಿದ್ದವರು ಆರರಿಂದ ಹನ್ನೆರಡು ವಾರದ ನಡುವೆ ಹೆರಿಗೆ ತಜ್ಞರನ್ನೇ ಕಾಣಬೇಕು, ಸಾಧ್ಯವಿದ್ದರೆ ಫಿಸಿಯೋಥೆರಪಿಸ್ಟರನ್ನೂ. ಮುಂದೆ ಮತ್ತೆ ಗರ್ಭಿಣಿಯಾದರೆ ಮೊದಲ ತಪಾಸಣೆಯಲ್ಲೇ ಇದನ್ನು ತಿಳಿಸಿ. ಸಹಜ ಹೆರಿಗೆಯೋ ಸಿಸೇರಿಯನ್ನೋ ಎಂಬುದನ್ನು ಹೆರಿಗೆ ಕೋಣೆಯಲ್ಲಲ್ಲ, ಆಗಲೇ ಕುಳಿತು ಮಾತಾಡಬೇಕು.